ಒಂದೇ ಮೀಟರು

ಅಲ್ಲಾಸಾಬ ಸ್ವಿಚ್‌ಬೋರ್ಡಿನ ತೂತಿಗೆ ಎರಡು ಸಲ ಊದಿ, ಸಾಬೂನಿನ ಪೆಟ್ಟಿಗೆಯಷ್ಟಿದ್ದ ಬಿಳಿ ಡಬ್ಬಿಯನ್ನು ಒತ್ತಿ ಕೂರಿಸಿದ. ಅದರ ಮೂರು ದೀಪಗಳಲ್ಲಿ ಒಂದು ಹತ್ತಿತು, ಇನ್ನೊಂದು ಮಿಣುಕಾಡಿತು, ಮೂರನೆಯದು ಸುಮ್ಮನಿತ್ತು. ಮಾಯಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಕೂತರೆ ಏಳಬೇಕೆನಿಸುತ್ತಿತ್ತು, ನಿಂತರೆ ಕೂರಬೇಕೆನಿಸುತ್ತಿತ್ತು. ಅಲ್ಲಾಸಾಬನಿಗೆ ಅಂಥ ಅವಸರವೇನಿಲ್ಲ. ಗೋಕುಲ ರಸ್ತೆಯ ಅಂಗಡಿಯಲ್ಲಿ ದಿನವಿಡೀ ಕೆಟ್ಟ ಕಂಪ್ಯೂಟರುಗಳ ಎದುರು ಕೂತು ಕಾಯುವುದೇ ಅವನ ಕಸುಬು. ಕಿಸೆಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮೂರನೆಯ ದೀಪವೂ ಹಸಿರಾಗಿ ನಿಂತಿತು.

"ಬಂತು ನೋಡ್ರಿ. ಕರೆಂಟ್ ಬರೋ ವಾಯರ್‌ನ್ಯಾಗ ಇಂಟರ್‌ನೆಟ್ಟೂ ಬಂತು. ಇದರ ಜೋಡಿ ಡಬ್ಬಿ ನಿಮ್ಮ ಕಾಕಾರ ಮನ್ಯಾಗ ಐತಿ. ನಡುವ ಗ್ವಾಡಿ ಇದ್ರ ಇದಕ್ಕೇನ್ರಿ, ಮೀಟರ್ ಒಂದ ಇದ್ರ ಸಾಕು."

ಮೀಟರು ಒಂದೇ ಇತ್ತು. ಲಕಮನಹಳ್ಳಿಯ ಆ ಮನೆಯನ್ನು ಹತ್ತು ವರ್ಷದ ಹಿಂದೆ ಅಣ್ಣತಮ್ಮಂದಿರಾದ ಮಹಾದೇವಪ್ಪ ಮಾಸ್ತರರೂ ಹನುಮೇಶನೂ ಪಾಲು ಮಾಡಿಕೊಂಡಾಗ ಹಂಡೆ, ಕೊಳಗ, ಅಟ್ಟದ ಮೇಲಿನ ಹಲಗೆಗಳನ್ನೂ ಬಿಡದೆ ಹಂಚಿಕೊಂಡಿದ್ದರು. ನಡುವೆ ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ ಎದ್ದಿತು. ಟೆಲಿಫೋನು ಹನುಮೇಶನ ಪಾಲಿಗೆ ಹೋಯಿತು. ಮೀಟರು ಮಾತ್ರ ಹಾಗೇ ಉಳಿಯಿತು. ಬೇರೆ ಮೀಟರಿಗೆ ಅರ್ಜಿ ಹಾಕಬೇಕಾದರೆ ಇಬ್ಬರೂ ಕೂಡಿ ಹೋಗಿ ಸಹಿ ಮಾಡಬೇಕಿತ್ತು. ಕೂಡಿ ಹೋಗುವ ಮನಸ್ಸಿದ್ದರೆ ಗೋಡೆ ಯಾಕೆ ಕಟ್ಟುತ್ತಿದ್ದರು?

ಮಾಸ್ತರರು ಹೋಗಿ ಆರು ವರ್ಷವಾಗಿತ್ತು. ಈ ಕಡೆ ಈಗ ಅವರ ಹೆಂಡತಿ ಗುಡ್ಡವ್ವ, ಮಗಳು ಮಾಯಾ ಇಬ್ಬರೇ. ಆ ಕಡೆ ಹನುಮೇಶ ಕಾಕಾ, ಅವನ ಹೆಂಡತಿ ರುಕ್ಮವ್ವ. ಮಾಯಾ ಕಾಕಾನ ಜೊತೆ ಓಣಿಯಲ್ಲಿ ನಿಂತು ಮಾತಾಡುತ್ತಿದ್ದಳು. ಗುಡ್ಡವ್ವ, ರುಕ್ಮವ್ವ ಮಾತ್ರ ಮಾಸ್ತರರು ಸತ್ತ ದಿನದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮಾಯಾಳ ಕೆಲಸವೆಂದರೆ ಪರದೇಶದ ಡಾಕ್ಟರುಗಳು ಟೇಪಿನಲ್ಲಿ ಗೊಣಗಿದ್ದನ್ನು ಕಿವಿಗೊಟ್ಟು ಕೇಳಿ ಟೈಪು ಮಾಡುವುದು. ಹುಬ್ಬಳ್ಳಿಯ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಹೋದ ತಿಂಗಳು ಕಂಪನಿಯವರು ಮಾರ್ಚ್ ಒಂದರಿಂದ ಹಗಲು ಪಾಳಿ ಇಲ್ಲ, ಬರೀ ರಾತ್ರಿ ಪಾಳಿ ಎಂದು ಹೇಳಿಬಿಟ್ಟರು. ಗುಡ್ಡವ್ವನಿಗೆ ಸಕ್ಕರೆ ರೋಗ. ಕಣ್ಣಿಗೆ ಮಂಜು ಮುಸುಕಿ ಇನ್ಸುಲಿನ್ ಸೂಜಿಯ ಮೇಲಿನ ಗೆರೆ ಕಾಣುತ್ತಿರಲಿಲ್ಲ. ಮುಂಜಾನೆಯದೂ ರಾತ್ರಿಯದೂ ಮಾಯಾನೇ ಚುಚ್ಚಬೇಕು. ರಾತ್ರಿ ಪಾಳಿಗೆ ಹೋದರೆ ತಾಯಿ ಉಳಿಯುವುದಿಲ್ಲ, ಹೋಗದಿದ್ದರೆ ಕೆಲಸ ಉಳಿಯುವುದಿಲ್ಲ.

ಒಂದೇ ದಾರಿಯಿತ್ತು. ಮನೆಯಲ್ಲೇ ವೇಗದ ಇಂಟರ್‌ನೆಟ್ ಇದ್ದವರು ಮನೆಯಿಂದ ಕೆಲಸ ಮಾಡಬಹುದು. ಅದಕ್ಕೊಂದು ಪರೀಕ್ಷೆ ಇತ್ತು. ನಲವತ್ತು ನಿಮಿಷ ಆ ಕಡೆಯಿಂದ ದನಿ ಬರುತ್ತದೆ, ಈ ಕಡೆಯಿಂದ ಟೈಪು ಮಾಡಿ ಕಳಿಸುತ್ತಿರಬೇಕು. ಲೈನು ಒಮ್ಮೆ ಕಡಿದರೆ ಮಾಫಿ, ಎರಡನೇ ಸಲ ಕಡಿದರೆ ಮುಗಿಯಿತು. ಹೊಸ ಟೆಲಿಫೋನು ಕೇಳಿದರೆ ನಿಮ್ಮ ಓಣಿಯ ಡಬ್ಬಿಯಲ್ಲಿ ಜಾಗ ಖಾಲಿಯಿಲ್ಲ, ನಾಲ್ಕು ತಿಂಗಳು ಬಿಟ್ಟು ಬರ್ರಿ ಅಂದರು. ಕಾಕಾನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇತ್ತು. ಮಾಯಾ ನಾಚಿಕೆ ಬಿಟ್ಟು ಕೇಳಿದಳು. ಅವನು ತಗೋ ಎಂದ. ಆದರೆ ಮಾಳಿಗೆ ಮೇಲಿಂದ ಕೇಬಲ್ ಎಳೆಯುವ ಮಾತು ಬಂದಾಗ ಗುಡ್ಡವ್ವ ಕಡ್ಡಿ ಮುರಿದಂತೆ ಹೇಳಿದಳು: "ಆ ಮನಿ ವಾಯರ್ ನನ್ನ ತಲಿ ಮ್ಯಾಲೆ ಹಾಯಬಾರದು." ಅವಳ ತಲೆ ಮೇಲೆ ತಿರುಗುವ ಫ್ಯಾನಿಗೆ ಕರೆಂಟು ಆ ಮನೆಯ ಪಡಸಾಲೆಯ ಮೀಟರಿನಿಂದಲೇ ಬರುತ್ತಿತ್ತು ಎಂದು ಅವಳಿಗೆ ಯಾರು ಹೇಳಬೇಕು! ಮಾಯಾ ಅಲ್ಲಾಸಾಬನ ಹತ್ತಿರ ಹೋಗಿ, ಯಾರೋ ದುಬೈಯಿಂದ ತಂದು ಬಿಟ್ಟುಹೋಗಿದ್ದ ಈ ಪವರ್‌ಲೈನ್ ಅಡಾಪ್ಟರ್ ಜೋಡಿಯನ್ನು ಹಿಡಿದುಕೊಂಡು ಬಂದಳು.

ಡಬ್ಬಿ ಹಚ್ಚಿ ಹೋಗುವಾಗ ಅಲ್ಲಾಸಾಬ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ಮಿಕ್ಸಿ, ನೀರಿನ ಮೋಟಾರು ಹಚ್ಚಿದರೆ ಇದು ತಡವರಿಸುತ್ತದೆ, ಹುಷಾರು.

ಪರೀಕ್ಷೆ ಸೋಮವಾರ. ಒಂಬತ್ತರಿಂದ ಹನ್ನೊಂದರವರೆಗೆ ದಿನಾ ಕರೆಂಟು ತೆಗೆಯುತ್ತಿದ್ದ ಕಾಲ ಅದು. ಹಾಗಾಗಿ ಮಾಯಾ ಬೇಡಿಕೊಂಡು ಹನ್ನೊಂದೂ ಕಾಲಿನ ಹೊತ್ತು ತೆಗೆದುಕೊಂಡಿದ್ದಳು. ಭಾನುವಾರವಿಡೀ ಹಸಿರು ದೀಪ ನೋಡುವುದೇ ಅವಳ ಕೆಲಸವಾಯಿತು. ಅಡುಗೆಮನೆಗೆ ಹೋಗಿ ನೋಡುವಳು, ಬಟ್ಟೆ ಒಣಹಾಕಿ ಬಂದು ನೋಡುವಳು. ಸೋಮವಾರ ಕಾಕಾ ಸ್ಕೂಟರ್ ಒದೆಯುತ್ತಿದ್ದಾಗ ಓಡಿಹೋಗಿ, ಹನ್ನೆರಡು ಗಂಟೆತನಕ ಮಿಕ್ಸಿ ಹಚ್ಚಬೇಡ ಎಂದು ಚಿಗವ್ವ ರುಕ್ಮವ್ವನಿಗೆ ಹೇಳಲು ಕೇಳಿಕೊಂಡಳು. ಅವನು ಆಫೀಸಿನಲ್ಲಿ ಅರ್ಜಿ ತಂದವರಿಗೆಲ್ಲ ತಲೆಯಾಡಿಸುವ ಹಾಗೆ ತಲೆಯಾಡಿಸಿದ, ಒಳಗೆ ಹೋಗದೆ ಸ್ಕೂಟರ್ ಏರಿ ಹೋದ.

ಹನ್ನೊಂದಕ್ಕೆ ಕರೆಂಟು ಬಂತು. ಹನ್ನೊಂದೂ ಕಾಲಿಗೆ ಮಾಯಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಯಾವನೋ ಡಾಕ್ಟರು ಯಾವಳೋ ಮುದುಕಿಯ ಮಂಡಿನೋವಿನ ಬಗ್ಗೆ ಮೂಗಿನಲ್ಲಿ ಮಾತಾಡತೊಡಗಿದ. ಬೆರಳು ತಾವಾಗಿಯೇ ಓಡಿದವು. ಹತ್ತು ನಿಮಿಷ ಛಲೋ ನಡೆಯಿತು.

ಎರಡು ತಾಸು ಕರೆಂಟಿಗೆ ಕಾದ ಊರಿನಲ್ಲಿ, ಕರೆಂಟು ಬಂದೊಡನೆ ಹೆಂಗಸರು ಮೊದಲು ಮಾಡುವ ಕೆಲಸ ಯಾವುದೆಂದು ಆ ಹೊತ್ತು ಬೇಡಿಕೊಳ್ಳುವಾಗ ಅವಳು ಯೋಚಿಸಿರಲೇ ಇಲ್ಲ. ಗೋಡೆಯಾಚೆ ಮಿಕ್ಸಿ ಗರ್ರೆಂದಿತು. ಮೂರನೆಯ ದೀಪ ಕೆಂಪಾಯಿತು. ಡಾಕ್ಟರ ದನಿ ತುಂಡಾಗಿ ನಿಂತುಹೋಯಿತು, ಪರದೆಯ ಮೇಲೆ ಒಂದು ಅವಕಾಶ ಮುಗಿದಿದೆ ಎಂಬ ಸಾಲು ಮೂಡಿತು. ಮಿಕ್ಸಿ ನಿಂತಿತು, ದನಿ ಬಂತು. ಕೈ ಬಿಟ್ಟು ಏಳುವಂತಿಲ್ಲ, ಒಂದು ನಿಮಿಷ ಟೈಪು ನಿಂತರೂ ಪರೀಕ್ಷೆ ಮುಗಿದ ಹಾಗೆ.

"ಅವ್ವಾ, ಮಿಕ್ಸಿ ಬಂದ್ ಮಾಡ್ಸು. ಇನ್ನೊಮ್ಮೆ ಕಡದ್ರ ನನ್ನ ಕೆಲಸ ಹೋತು."

ಗುಡ್ಡವ್ವ ಹೊರಸಿನಿಂದ ಎದ್ದಳು. ಗೋಡೆಯಾಚೆ ಮತ್ತೆ ಗರ್ರೆಂದಿತು. ದೀಪ ಹಸಿರಿಗೂ ಕೆಂಪಿಗೂ ನಡುವೆ ಒದ್ದಾಡುತ್ತಿತ್ತು, ಡಾಕ್ಟರು ತೊದಲುತ್ತಿದ್ದ, ಲೈನು ಇನ್ನೂ ಕಡಿದಿರಲಿಲ್ಲ. ಗುಡ್ಡವ್ವ ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆಯಿಂದ ಗೋಡೆಗೆ ಬಡಿದಳು. "ರುಕ್ಮವ್ವಾ" ಎಂದು ಕೂಗಿದಳು. ಆರು ವರ್ಷದಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಇನ್ನೂ ಜೋರಾಗಿ ಬಡಿದಳು. ತಂಬಿಗೆಯ ಹೊಟ್ಟೆ ತಗ್ಗಿತು. ಆ ಕಡೆ ಮಿಕ್ಸಿ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

ಗುಡ್ಡವ್ವನ ಕೈ ನಿಂತಿತು.

ಇದೇ ಗೋಡೆಗೆ ಅವಳು ಹಿಂದೊಮ್ಮೆ ಹೀಗೆಯೇ ಬಡಿದಿದ್ದಳು. ಭಾನುವಾರ ಮಧ್ಯಾಹ್ನ, ಮಾಸ್ತರರು ಉಣ್ಣಲು ಕೂತವರು ಎದೆ ಹಿಡಿದುಕೊಂಡಿದ್ದರು. ಮಾಯಾ ಮನೆಯಲ್ಲಿರಲಿಲ್ಲ, ಫೋನು ಇದ್ದದ್ದು ಆ ಕಡೆ, ಅಲ್ಲಿ ಇದ್ದವಳು ರುಕ್ಮವ್ವ ಒಬ್ಬಳೇ. ಬಡಿದಳು, ಕೂಗಿದಳು, ಯಾರೂ ಬರಲಿಲ್ಲ. ಕೊನೆಗೆ ತಾನೇ ಓಣಿಗೆ ಓಡಿ ಆಟೋ ತಂದಳು, ಸತ್ತೂರ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮಿಕ್ಸಿ ಹಚ್ಚಿದ್ದೆ, ಕೇಳಲಿಲ್ಲ ಎಂದು ರುಕ್ಮವ್ವ ಹೆಣದ ಮುಂದೆ ಕೂತು ಅತ್ತಳು. ಕಿವುಡರಿಗೂ ಕೇಳುವ ಹಾಗೆ ಬಡಿದಿದ್ದೇನೆ, ಇವಳಿಗೆ ಕೇಳಲಿಲ್ಲವಂತೆ! ಗುಡ್ಡವ್ವ ನಂಬಲಿಲ್ಲ. ನಂಬದೆ ಆರು ವರ್ಷ ಬದುಕಿದಳು.

ಈಗ ತಂಬಿಗೆ ಹಿಡಿದುಕೊಂಡೇ ಹೊರಗೆ ಬಿದ್ದಳು. ಒಬ್ಬಳೇ ಓಣಿಗೆ ಇಳಿದು ವರ್ಷದ ಮೇಲಾಗಿತ್ತು. ಕಾಲಲ್ಲಿ ಚಪ್ಪಲಿಯಿಲ್ಲ. ಗೋಡೆಗೆ ಅಂಗೈ ಹಚ್ಚಿಕೊಂಡು, ಕಟ್ಟೆಗೆ ಮೊಳಕಾಲು ತಾಗಿಸಿಕೊಂಡು, ಹನುಮೇಶನ ಬಾಗಿಲು ದಾಟಿದಳು. ದನಿ ಬಂದ ಕಡೆ ಅಡುಗೆಮನೆ. ಕಿಟಕಿಯ ಬೆಳಕಿನಲ್ಲಿ ಒಂದು ಬೆನ್ನು ಮಸಕಾಗಿ ಕಂಡಿತು. ರುಕ್ಮವ್ವ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದಿದ್ದಳು. ಗುಡ್ಡವ್ವ ಹತ್ತಿರ ಹೋಗಿ ಆ ಕೈಯ ಮೇಲೆ ಕೈಯಿಟ್ಟಳು.

ರುಕ್ಮವ್ವ ಬೆಚ್ಚಿಬಿದ್ದು ಸ್ವಿಚ್ ಆರಿಸಿದಳು. ತಿರುಗಿ ನೋಡಿ, ಗೋಡೆಗೆ ಆತುಕೊಂಡಳು.

"ಬಡದ್ರ ನಿನಗ ಖರೇನ ಕೇಳಂಗಿಲ್ಲಲ್ಲಾ," ಎಂದಳು ಗುಡ್ಡವ್ವ.

ರುಕ್ಮವ್ವ ನಜ್ಜುಗುಜ್ಜಾದ ತಂಬಿಗೆಯನ್ನು ನೋಡಿದಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಸೆರಗಿನ ತುದಿ ಬಾಯಿಗೆ ಹೋಯಿತು.

"ಇಲ್ಲ ಯಕ್ಕಾ. ಕೇಳಂಗಿಲ್ಲ."

ಗುಡ್ಡವ್ವ ನೆಲ ತಡವಿ ಕೂತಳು. ಮಾಯಾನ ಪರೀಕ್ಷೆ ನಡೆದಿದೆ, ಮಿಕ್ಸಿ ಹಚ್ಚಬೇಡ ಎಂದಷ್ಟು ಹೇಳಿದಳು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಡಾಕ್ಟರು ಮಾತು ಮುಗಿಸಿದ. ಪರದೆಯ ಮೇಲೆ ಪಾಸು ಎಂದು ಬಂತು. ಮಾಯಾ ಅದನ್ನು ಮೂರು ಸಲ ಓದಿದಳು. ಅವ್ವಾ ಎಂದು ಕೂಗಿದರೆ ಉತ್ತರವಿಲ್ಲ. ಹೊರಸು ಖಾಲಿ, ಚಪ್ಪಲಿ ಅಲ್ಲೇ ಇತ್ತು. ಓಣಿಯ ಎರಡೂ ಕಡೆ ನೋಡಿ, ಏನೋ ತೋಚಿ, ಕಾಕಾನ ಮನೆಯೊಳಗೆ ಓಡಿದಳು.

ಅಡುಗೆಮನೆಯ ಮೂಲೆಯಲ್ಲಿದ್ದ ಹಳೆಯ ಒರಳುಕಲ್ಲನ್ನು ತೊಳೆದು ಹೂಡಿದ್ದರು. ಮಿಕ್ಸಿಯಲ್ಲಿ ಅರ್ಧ ತಿರುವಿದ್ದ ಹಣ್ಣುಮೆಣಸಿನಕಾಯಿಯೆಲ್ಲ ಅದರಲ್ಲಿತ್ತು. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಮಾಯಾ ಹೊಸ್ತಿಲಲ್ಲಿ ನಿಂತು ನೋಡಿದಳು. ರುಕ್ಮವ್ವ ಗುಂಡು ತಿರುಗಿಸುತ್ತಿದ್ದಳು. ಗುಂಡು ಆಚೆ ಸರಿದಾಗ ಗುಡ್ಡವ್ವನ ಕೈ ಕೆಂಪು ಖಾರವನ್ನು ಒಳಕ್ಕೆ ದೂಡಿ ಹೊರಬರುತ್ತಿತ್ತು. ಕಣ್ಣು ಕಾಣದವಳ ಆ ಕೈ ಒಳಗಿರುವಾಗ ಪ್ರತಿ ಸುತ್ತಿನಲ್ಲೂ ಕಲ್ಲು ಒಂದಿಷ್ಟು ನಿಧಾನವಾಗುತ್ತಿತ್ತು.