ಹೇಳದ ಬರ್ರಿ, ಮೇಡಂ

ನಮ್ಮ ಮನೆಯವರಿಗೆ ಯಾರಾದರೂ ನೋಡಲು ಬರುತ್ತಾರೆ ಎಂದರೆ ಎಲ್ಲಿಲ್ಲದ ಹುರುಪು. ನನ್ನನ್ನು ನೋಡಲು ಕುಷ್ಟಗಿಗೆ ಬಂದಾಗ ಗೆಳೆಯ ಬಾಲಪ್ಪನ ಹೊಸ ಮೋಟಾರ್ ಸೈಕಲ್ ಏರಿ ಬಂದಿದ್ದರು. ನಮ್ಮಪ್ಪ ಅದು ಹುಡುಗನದೇ ಎಂದುಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ ಹುಡುಗನನ್ನು ಒಪ್ಪಿಬಿಟ್ಟರು. ಮದುವೆಯಾದ ವಾರಕ್ಕೇ ಬಾಲಪ್ಪ ಬಂದು ಗಾಡಿ ಒಯ್ದ. ನಾನು ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

ಆ ಹುರುಪೇ ಈ ವರ್ಷ ನಮ್ಮ ಶೆಡ್ಡನ್ನು ಮುಚ್ಚಿಸುವ ಹಂತಕ್ಕೆ ತಂದಿತ್ತು.

ಭಾಗ್ಯನಗರದಲ್ಲಿ ನಮ್ಮದು ಕೂದಲಿನ ಕೆಲಸ. ಹಳ್ಳಿಗಳಲ್ಲಿ ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಪಿನ್ನು, ಪ್ಲಾಸ್ಟಿಕ್ ಬುಟ್ಟಿ ಕೊಟ್ಟು ಅದನ್ನು ಕೊಳ್ಳುವವರು ಬರುತ್ತಾರೆ. ಆ ಉಂಡೆಗಳು ಚೀಲ ಚೀಲವಾಗಿ ನಮ್ಮ ಓಣಿಗೆ ಬಂದು ಬೀಳುತ್ತವೆ. ಸಿಕ್ಕು ಬಿಡಿಸಿ, ತೊಳೆದು, ಒಣಗಿಸಿ, ಉದ್ದ ನೋಡಿ ಕಟ್ಟು ಕಟ್ಟಿ ಕೊಟ್ಟರೆ ಅದು ಎಲ್ಲೆಲ್ಲಿಗೋ ಹೋಗಿ ಯಾರದೋ ತಲೆಯ ಮೇಲೆ ಕೂರುತ್ತದೆ. ನಮ್ಮ ಶೆಡ್ಡಿನಲ್ಲಿ ಹತ್ತಾರು ಹೆಂಗಸರು ದುಡಿಯುತ್ತಾರೆ. ತೊಳೆಯುವ ಕೆಲಸ ನನ್ನದು ಮತ್ತು ಹುಸೇನಬೀಯದು. ತೊಳೆದ ನೀರು, ಎಂದರೆ ಎಣ್ಣೆ, ಮಣ್ಣು, ಸೋಪಿನ ನೊರೆ ಎಲ್ಲ ಸೇರಿದ್ದು, ಗಟಾರ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ.

ಕೂದಲು ತೊಳೆಯುವ ಶೆಡ್ಡುಗಳ ನೀರಿಗೆ ಮಿತಿ ಹಾಕುತ್ತಾರೆ, ಪರಿಸರ ಕಚೇರಿಯವರು ಪರೀಕ್ಷೆಗೆ ನೀರು ಒಯ್ಯಲು ಬರುತ್ತಾರೆ ಎಂದು ಸುದ್ದಿ ಬಂದಾಗ ಓಣಿಯವರೆಲ್ಲ ಹಿಂದೆ ಸರಿದರು. "ಮೊದಲ ರುದ್ರೇಶನ ಕಡೆ ಹೋಗ್ರಿ, ಅಂವ ಗುಂಡಿ ಕಟ್ಸ್ಯಾನ" ಎಂದರು. ನಮ್ಮ ಮನೆಯವರು ನೀರು ನಿಂತು ತಿಳಿಯಾಗಲೆಂದು ಒಂದು ಗುಂಡಿ, ಅದರ ಪಕ್ಕ ಮರಳು, ಇದ್ದಲಿನ ಇನ್ನೊಂದು ಗುಂಡಿ ಮಾಡಿಸಿದ್ದು ನಿಜ. ಅದಕ್ಕೇ ಅವರಿಗೆ ಎದೆ ಉಬ್ಬಿತು.

"ಮೇಡಂ ಬರ್ತಾರಂತ. ಮೂರು ದಿನ ತೊಳಿಯೂದು ಬಂದ್!"

"ತೊಳದ ನೀರನ್ನ ನೋಡಾಕ ಬರೋರು ಅವರು. ತೊಳಿಯದಿದ್ರ ಏನು ನೋಡ್ತಾರ್ರಿ?" ಎಂದೆ.

"ನಿನಗ ತಿಳಿಯೂದಿಲ್ಲ ಸುಮ್ನಿರು. ಮನಿಗೆ ಬೀಗರು ಬಂದ್ರ ಮುಸುರಿ ಪಾತ್ರಿ ತೋರಸ್ತೀ ಏನು?"

ಗುಂಡಿಯನ್ನು ಬಳಿದು ಹೊಸ ಮರಳು, ಹೊಸ ಇದ್ದಲು ತುಂಬಿಸಿದರು. ಬೋರಿನ ನೀರು ಬಿಟ್ಟರು. ನಮ್ಮತ್ತೆ ಅನ್ನಮ್ಮ ಮಗನಿಗಿಂತ ಒಂದು ಹೆಜ್ಜೆ ಮುಂದೆ. ಗಟಾರದ ಪಕ್ಕ ರಂಗೋಲಿ ಹಾಕಿ, ಗುಂಡಿಯ ಮುಚ್ಚಳಕ್ಕೆ ಕುಂಕುಮ ಇಟ್ಟು, ನೀರು ಹೊರಬೀಳುವ ಕೊಳವೆಯ ಬಾಯಿಗೆ ಊದಿನಕಡ್ಡಿ ಹಚ್ಚಿದರು.

ಬಂದ ಅಧಿಕಾರಿಯ ಹೆಸರು ಅನುಸೂಯಾ. ಯಲಬುರ್ಗಾ ಕಡೆಯವರೇ. ಬಿಸಿಲಿಗೆ ಸೆರಗು ತಲೆಗೆ ಹೊದ್ದುಕೊಂಡು ಗಟಾರದ ಮುಂದೆ ಕೂತವರು ಊದಿನಕಡ್ಡಿ ನೋಡಿದರು.

"ಏನ್ರಿ ಅಮ್ಮಾರ, ಇಲ್ಲಿ ಪೂಜಿ ಐತೇನು?"

"ಇಲ್ಲವ್ವ, ಗಾಳಿಗೆ ಛಲೋ ಅಂತ" ಎಂದರು ಅತ್ತೆ.

ಮೇಡಂ ಬಾಟಲಿಗೆ ನೀರು ತುಂಬಿಕೊಳ್ಳುತ್ತಾ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಕೊಳಿ ಹೆಚ್ಚಾದಷ್ಟೂ ಅದು ನೀರಿನ ಉಸಿರು ತಿಂತೈತ್ರಿ. ಮೀನಿಗೆ ಉಳಿಯೂದಿಲ್ಲ. ಎಷ್ಟು ಉಸಿರು ತಿಂತೈತಿ ಅನ್ನೋದನ್ನ ಅಳದು ಒಂದು ಸಂಖ್ಯಾ ಕೊಡ್ತೀವಿ. ಸಂಖ್ಯಾ ಸಣ್ಣದಿದ್ದಷ್ಟೂ ಛಲೋ. ಮಿತಿ ಹಾಕಾಕ ಎರಡು ನೋಡ್ತೀವಿ. ಹೊಳಿ ಎಷ್ಟು ತಾಳ್ತೈತಿ ಅನ್ನೋದೊಂದು. ನಿಮ್ಮ ಕೈಲೆ ಎಷ್ಟು ಆಗ್ತೈತಿ ಅನ್ನೋದೊಂದು."

ನಮ್ಮ ಮನೆಯವರು ತಲೆಯಾಡಿಸಿದರು. ಎರಡನೆಯ ಮಾತು ಅವರ ಕಿವಿಯೊಳಗೆ ಇಳಿಯಲಿಲ್ಲ.

ವರದಿ ಬಂತು. ನಮ್ಮ ನೀರಿನ ಸಂಖ್ಯೆ ಹತ್ತು. ಕೊಪ್ಪಳಕ್ಕೆ ಹೋಗಿ ವರದಿಗೆ ಗಾಜಿನ ಚೌಕಟ್ಟು ಹಾಕಿಸಿ, ಶೆಡ್ಡಿನ ಗೋಡೆಯಲ್ಲಿ ಗವಿಸಿದ್ಧನ ಪಟದ ಪಕ್ಕದಲ್ಲೇ ತೂಗುಹಾಕಿದರು. ಚಹಾಕ್ಕೆ ಬಂದವರಿಗೆಲ್ಲ ತೋರಿಸಿದರು. ಅಷ್ಟರಲ್ಲಿ ಕಚೇರಿಯವರ ಪ್ರಕಟಣೆ ಓಣಿಯ ಗೋಡೆಗೆ ಬಂದು ಅಂಟಿಕೊಂಡಿತು. ಭಾಗ್ಯನಗರದ ಎಲ್ಲ ಶೆಡ್ಡುಗಳಿಗೂ ಹತ್ತನ್ನೇ ಮಿತಿ ಮಾಡುವ ವಿಚಾರವಿದೆ, ಮುಂದಿನ ಸೋಮವಾರ ಸಮುದಾಯ ಭವನದಲ್ಲಿ ಸಭೆ, ಆಕ್ಷೇಪ ಇದ್ದವರು ಹೇಳಬಹುದು. ಒಂದು ಶೆಡ್ಡು ಮಾಡಿ ತೋರಿಸಿದೆ ಎಂಬ ಮಾತೂ ಅದರಲ್ಲಿತ್ತು.

ಪಕ್ಕದ ಶೆಡ್ಡಿನ ಓಬಳೆಪ್ಪ ಲುಂಗಿ ಎತ್ತಿ ಕಟ್ಟಿಕೊಂಡೇ ಬಂದ.

"ಏ ರುದ್ರೇಶಣ್ಣ, ಹತ್ತು? ಹತ್ತು ಅಂದ್ರ ನಮ್ಮನಿ ಕುಡಿಯೋ ನೀರೂ ಫೇಲ್ ಆಕ್ಕಾವೋ ಮಾರಾಯಾ! ನಿನ್ನ ಗಟಾರದ ನೀರು ಅಷ್ಟು ಛಲೋ ಇದ್ರ ನಾಳಿಂದ ಕೊಡ ತುಂಬಿಕೊಂಡು ಹೋಗಾಕ ನಮ್ಮ ಹೆಂಗಸರನ್ನ ಕಳಸ್ತೀನಿ."

ಹಿಂದೆ ನಿಂತವರು ನಕ್ಕರು. ಆದರೆ ಅದು ಬರೀ ನಗುವಲ್ಲ. ಹತ್ತು ಎಂದರೆ ಓಣಿಯ ಒಂದೂ ಶೆಡ್ಡು ಉಳಿಯುವುದಿಲ್ಲ, ನಮ್ಮದೂ ಸೇರಿ. ಬೋರಿನ ನೀರು ಎಂದು ಒಪ್ಪಿಕೊಂಡರೆ ಮಾನ ಹೋಗುತ್ತದೆ, ಪರವಾನಗಿಯೂ ಹೋದೀತು. ಸುಮ್ಮನಿದ್ದರೆ ಶೆಡ್ಡೇ ಹೋಗುತ್ತದೆ. ನಮ್ಮ ಮನೆಯವರು ಅವತ್ತು ಊಟಕ್ಕೆ ಕೂತು ರೊಟ್ಟಿಯನ್ನು ಮುರಿದು ಮುರಿದು ಹಾಗೇ ಇಟ್ಟರು.

ಮರುದಿನ ಬೆಳಿಗ್ಗೆ ನಾನು ಮಗಳ ಜಡೆ ಹಾಕುತ್ತಾ ಮೆತ್ತಗೆ ಕೇಳಿದೆ. "ಬಾಲಪ್ಪ ಬಂದು ಗಾಡಿ ಒಯ್ದಾಗ ನಾ ಏನರ ತೌರಮನಿಗೆ ಹೋದೆನೇನ್ರಿ?"

"ಅದು ಗಾಡಿ. ಇದು ಸರಕಾರ" ಎಂದು ಎದ್ದು ಹೋದರು.

ಅವರಿಗೆ ಗದರಿ ಪ್ರಯೋಜನವಿಲ್ಲ ಎಂದು ನನಗೆ ಗೊತ್ತು. ಮಗಳನ್ನು ಸಾಲೆಗೆ ಕಳಿಸಿ ಶೆಡ್ಡಿಗೆ ಹೋದೆ. ಹುಸೇನಬೀ ತೊಟ್ಟಿಯ ಮುಂದೆ ಕೂತು ಗೊಣಗುತ್ತಿದ್ದಳು.

"ಅಕ್ಕಾ, ಇವತ್ತಿನ ಮಾಲು ನೋಡ್ರಿ. ಮೂರು ನೀರಾತು, ಇನ್ನೂ ಕರ್ರಗ ಬರಾಕಹತ್ತೈತಿ. ಮೇಡಂ ಬಂದು ಹೋದ ಮ್ಯಾಲ ತೊಳದ್ವಲ್ಲ, ಅವತ್ತು ಒಂದ ನೀರಿಗೆ ಮುಗದಿತ್ತು. ಸೋಪೂ ಅರ್ಧ ಉಳೀತು."

"ಅವತ್ತು ಯಾಕ ಹಂಗಾತು?"

"ನನಗೇನು ಗೊತ್ರಿ? ಮೂರು ದಿನ ಖಾಲಿ ಕೂಡಬ್ಯಾಡ್ರಿ ಅಂತ ಸಾಹುಕಾರ್ರು ಬೈದಿದ್ರು. ಹೆಣ್ಮಕ್ಕಳು ಕುಂತು ಕುಂತು ಒಣಾ ಕೂದಲಾನ ಹೊರಸಿನ ಮ್ಯಾಲ ಝಾಡಿಸಿದ್ವು, ಬಾಚಿದ್ವು, ಮತ್ತ ಝಾಡಿಸಿದ್ವು. ಹೊರಸಿನ ಕೆಳಗ ಮಣ್ಣು ಇಷ್ಟು ದಪ್ಪ ಬಿದ್ದಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವತ್ತೇ ಆ ಹೊರಸನ್ನು, ಹಗ್ಗ ನೇಯ್ದ ಹಳೆಯ ಮಂಚವನ್ನು, ಮತ್ತೆ ಹೊರಗೆ ಎಳೆದೆವು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೂದಲನ್ನು ಅದರ ಮೇಲೆ ಕುಟ್ಟಿ ಝಾಡಿಸಿದರು. ನೀರಿಗೆ ಹಾಕುವ ಮೊದಲೇ ಮಣ್ಣು ಉದುರಿತು. ತೊಳೆದ ನೀರು ಗುಂಡಿಗಿಳಿದು, ಮರಳು, ಇದ್ದಲು ದಾಟಿ ಹೊರಬಂದಾಗ ತೆಳು ಚಹಾದ ಬಣ್ಣ. ಹತ್ತಂತೂ ಅಲ್ಲ. ಆದರೆ ಇಷ್ಟು ದಿನ ಬಿಡುತ್ತಿದ್ದ ಮಸಿ ನೀರೂ ಅಲ್ಲ. ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು, ಬೆರಳು ಅದ್ದಿ ನೋಡಿದರು.

ಭಾನುವಾರ ಹುಣ್ಣಿಮೆ. ಅತ್ತೆ ಹುಲಿಗಿಗೆ ಹೋಗಿ, ಹೊಳೆಯಲ್ಲಿ ಮುಳುಗು ಹಾಕಿ, ಹುಲಿಗೆಮ್ಮನ ದರ್ಶನ ಮಾಡಿ, ಎಂದಿನಂತೆ ಒಂದು ಬಾಟಲಿ ಹೊಳೆಯ ನೀರು ತಂದರು. ಮೊದಲು ಮಗನ ಅಂಗೈಗೆ ಹಾಕಿದರು.

"ತಗೋ. ನೀರು ತಿಳಿ ಐತಿ. ಖರೇ ಹೇಳ್ತೀನಿ ರುದ್ರ, ಮುಳುಗು ಹಾಕುಮುಂದ ಇವತ್ತು ದೇವಿ ನೆನಪಾಗಲಿಲ್ಲ, ನಿನ್ನ ಸೋಪಿನ ನೊರಿ ನೆನಪಾತು. ಎಲ್ಲಾ ಹಳ್ಳ ಕಡೀಕ ಅಲ್ಲಿಗೇ ಬಂದು ಸೇರ್ತಾವಲ್ಲೋ."

ನಮ್ಮ ಮನೆಯವರು ಅಂಗೈಯನ್ನು ಹಾಗೇ ಹಿಡಿದುಕೊಂಡು ನಿಂತರು. ಬೆರಳ ಸಂದಿಯಿಂದ ಒಂದೆರಡು ಹನಿ ಜಾರಿದವು. ಆಮೇಲೆ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು.

ಸೋಮವಾರ ನಾನು ಅಡುಗೆ ಮುಗಿಸಿ ಶೆಡ್ಡಿಗೆ ಬಂದಾಗ ಗವಿಸಿದ್ಧನ ಪಟದ ಪಕ್ಕ ಮೊಳೆ ಮಾತ್ರ ಇತ್ತು.

ಸಮುದಾಯ ಭವನ ತುಂಬಿತ್ತು. ಅನುಸೂಯಾ ಮೇಡಂ ಪ್ರಕಟಣೆ ಓದಿದರು. 'ಹತ್ತು' ಎಂದಿದ್ದೇ ತಡ, ಗದ್ದಲ ಎದ್ದಿತು. ಓಬಳೆಪ್ಪ ಕುರ್ಚಿಯಿಂದಲೇ ಕೂಗಿದ, "ನಮ್ಮನ್ನ ಕೇಳಬ್ಯಾಡ್ರಿ ಮೇಡಂ, ಪಾಸಾದವರನ್ನ ಕೇಳ್ರಿ!"

ನಮ್ಮ ಮನೆಯವರು ಎದ್ದು ನಿಂತರು. ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಾಜಿನ ಚೌಕಟ್ಟು. ಅದನ್ನು ತೆಗೆದುಕೊಂಡು ಹೋಗಿ ಮೇಡಂ ಅವರ ಮೇಜಿನ ಮೇಲಿಟ್ಟರು.

"ಮೇಡಂ, ಈ ಹತ್ತು ನಂದಲ್ಲರಿ. ನನ್ನ ಬೋರಿಂದು. ನೀವು ಬರ್ತೀರಂತ ತೊಳಿಯೂದು ಬಂದ್ ಮಾಡಿದ್ದೆ. ಮನಿಗೆ ಬಂದವರಿಗೆ ಛಲೋದನ್ನ ತೋರಸೂದು ನಮ್ಮ ಚಟ. ತಪ್ಪಾತು. ಓಣಿ ಮಂದಿ ಮ್ಯಾಲ ಇದನ್ನ ಹಾಕಬ್ಯಾಡ್ರಿ."

ಮೇಡಂ ಚೌಕಟ್ಟನ್ನು ಕೈಗೆತ್ತಿಕೊಂಡರು.

"ಊದಿನಕಡ್ಡಿ ಕಂಡಾಗ ನನಗೂ ಸಂಶೇ ಬಂದಿತ್ತರಿ. ಆದ್ರ ಬಾಟಲಿಯಾಗ ಇದ್ದದ್ದನ್ನ ನಾ ಬರೀಬೇಕು. ಇಂಥಾವು ಹೊರಗ ಬರ್ಲಿ ಅಂತನ ಈ ಸಭಾ ಇಡೋದು." ಚೌಕಟ್ಟನ್ನು ಬೋರಲು ಹಾಕಿದರು. "ಹತ್ತು ಬಿಡ್ರಿ. ಆದ್ರ ಹೊಳಿ ಕಡಿ ನೋಡಿದ್ರ, ಬ್ಯಾಸಗಿಯಾಗ ನೀರು ಇಳದಾಗ ಮೂವತ್ತರ ಮ್ಯಾಲ ತಾಳೂದಿಲ್ಲ. ಅದಕ್ಕಿಂತ ಸಡ್ಲ ಮಾಡಾಕ ನನಗ ಬರೂದಿಲ್ಲ, ನೀವು ಎಷ್ಟ ಗದ್ದಲ ಮಾಡ್ರಿ. ಮೂವತ್ತು ಮುಟ್ಟತೀರೇನು?"

ನಮ್ಮ ಮನೆಯವರು ತಿರುಗಿ ಹೆಂಗಸರು ಕೂತಿದ್ದ ಕಡೆ ನನ್ನನ್ನು ಹುಡುಕಿದರು. ಆ ನೋಟ ಕಂಡು ನಾನು ಎದ್ದೆ.

"ನಮ್ಮ ಶೆಡ್ಡಿಗೆ ಬಂದು ನೋಡ್ರಿ ಮೇಡಂ. ತೊಳಿಯೂ ದಿನ ಬರ್ರಿ."

"ಯಾವಾಗ ಬರ್ಲಿ, ಹೇಳ್ರಿ."

"ಅದನ್ನ ಮಾತ್ರ ನಮಗ ತಿಳಸಬ್ಯಾಡ್ರಿ" ಎಂದೆ. "ಹೇಳದ ಬರ್ರಿ."

ಓಬಳೆಪ್ಪನೂ ನಕ್ಕುಬಿಟ್ಟ.

ಮೇಡಂ ಬಂದ ದಿನ ನಮ್ಮ ಅವತಾರ ನೋಡಬೇಕಿತ್ತು. ನಾನು ಮೊಣಕೈವರೆಗೆ ನೊರೆಯಲ್ಲಿದ್ದೆ. ನಮ್ಮ ಮನೆಯವರು ಬನಿಯನ್ನಿನಲ್ಲಿ ಇದ್ದಲಿನ ಗುಂಡಿಗೆ ಇಳಿದು, ಮೂಗಿನ ಮೇಲೆ ಕರಿ ಹಚ್ಚಿಕೊಂಡು ನಿಂತಿದ್ದರು. ಹೊರಸಿನ ಮುಂದೆ ಮಣ್ಣಿನ ಗುಡ್ಡೆ. ಅತ್ತೆ "ಅಯ್ಯ ನಮ್ಮವ್ವ!" ಎಂದು ರಂಗೋಲಿ ಬಟ್ಟಲಿಗೆ ಓಡಿದರು. ಮೇಡಂ ಅತ್ತೆಯ ಕೈ ಹಿಡಿದು ನಿಲ್ಲಿಸಿದರು. "ಬ್ಯಾಡ್ರಿ ಅಮ್ಮಾರ, ಹಿಂಗ ಇರ್ಲಿ. ನಿಮ್ಮ ಊದಿನಕಡ್ಡಿ ವಾಸನಿನೂ ಬಾಟಲಿಯೊಳಗ ಬಂದೀತು."

ಮೊದಲ ಸಲ ನಲವತ್ತೊಂದು ಬಂತು. ನಮ್ಮ ಮನೆಯವರ ಮುಖ ಇಳಿಯಿತು. ನಾನು ಚಹಾ ಕೊಟ್ಟು, "ಮಸಿಯಿಂದ ಇಲ್ಲೀತನಕ ಬಂದೀವಿ, ಇನ್ನೊಂದೀಟು" ಎಂದೆ. ಇನ್ನೊಂದು ಹೊರಸು ತಂದೆವು. ಸೋಪು ಕಡಿಮೆ ಮಾಡಿದೆವು. ಮೊದಲ ಗುಂಡಿಯಲ್ಲಿ ನೀರು ಒಂದು ರಾತ್ರಿ ನಿಲ್ಲುವಂತೆ ಅಡ್ಡ ಹಲಗೆ ಹಾಕಿದೆವು. ಮುಂದಿನ ಸಲ ಮೇಡಂ ಹೇಳದೆ ಬಂದಾಗ ಇಪ್ಪತ್ತೇಳು.

ಮಿತಿ ಮೂವತ್ತಕ್ಕೆ ನಿಂತಿತು. ಉಳಿದ ಶೆಡ್ಡುಗಳಿಗೆ ಗುಂಡಿ ಕಟ್ಟಿಸಲು ಬೇಸಿಗೆಯವರೆಗೆ ಸಮಯ ಕೊಟ್ಟರು. ಓಬಳೆಪ್ಪ ನಮ್ಮ ಶೆಡ್ಡು ನೋಡಲು ಬಂದ. ನಮ್ಮ ಮನೆಯವರು ಹೊರಸಿನ ಮುಂದೆ ನಿಂತು, ತಾವೇ ಹಿಂದೆಂದೋ ಕಂಡುಹಿಡಿದಿದ್ದ ವಿದ್ಯೆ ಎಂಬಂತೆ ವಿವರಿಸತೊಡಗಿದರು.

"ಮೊದಲ ಒಣಗಿದ್ದಾಗ ಝಾಡಿಸಬೇಕು ಓಬಳೆಪ್ಪ. ಆಮ್ಯಾಲ ನೀರು."

ತೊಟ್ಟಿಯ ಹಿಂದೆ ಹುಸೇನಬೀ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಾನು ಅವಳಿಗೆ ಕಣ್ಣು ಹೊಡೆದೆ. ಹೇಳಿಕೊಳ್ಳಲಿ ಬಿಡು, ಈ ಸಲ ತೋರಿಸುತ್ತಿರುವ ಗಾಡಿ ಅವರದ್ದೇ.

ಈಗ ಅತ್ತೆ ದಿನಾ ಬೆಳಿಗ್ಗೆ ಗಟಾರದ ಪಕ್ಕ ಗುಡಿಸಿ ರಂಗೋಲಿ ಹಾಕುತ್ತಾರೆ. ಸೊಂಟ ನೋವು, ಬಿಡ್ರಿ ಅತ್ತಿ ಎಂದರೆ ಕೇಳುವುದಿಲ್ಲ.

"ಆಕಿ ಯಾವತ್ತು ಬರ್ತಾಳಂತ ಯಾರಿಗೆ ಗೊತ್ತವ್ವ?" ಎನ್ನುತ್ತಾರೆ. "ದಿನಾ ಹಾಕೂದ ಬೇಕಲ್ಲ."