ಕಿರುಬೆರಳಿನ ಶಾಯಿ

ನಾಯಿ, ಮುಂದಿನ ಕಾರಿನ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಕಣ್ಣು ಮುಚ್ಚಿ ಗಾಳಿ ಕುಡಿಯುತ್ತಿದೆ, ಕೊರಳಿಗೆ ಕಿತ್ತಳೆ ಬಣ್ಣದ ಕರವಸ್ತ್ರ ಬೇರೆ, ಎಂಥ ನೆಮ್ಮದಿ ಆ ಮುಖದಲ್ಲಿ, ಎಡಕ್ಕೆ ಸಮುದ್ರ, ಮೇಲೆ ಬೆಳಗಿನ ಬೂದು ಮೋಡ, ಓಷನ್‌ಸೈಡ್ ದಾಟಿದರೂ ಬ್ರೇಕಿನಿಂದ ಕಾಲು ತೆಗೆಯುವ ಹಾಗಿಲ್ಲ, ಸ್ಯಾನ್ ಡಿಯಾಗೋದವರೆಲ್ಲ ಇವತ್ತೇ ಲಾಸ್ ಏಂಜಲೀಸಿಗೆ ಹೊರಟಂತಿದೆ, ಹೋಗಿ, ನಿಮಗೇನಂತೆ, ನಿಮ್ಮಲ್ಲಿ ಯಾರೂ ಮಕ್ಕಳ ಲಸಿಕೆಯನ್ನು ಕಸಕ್ಕೆ ಹಾಕುವುದನ್ನು ನಿಂತು ನೋಡಲು ಹೋಗುತ್ತಿಲ್ಲ, ನಾನು ಹೋಗುತ್ತಿದ್ದೇನೆ, ಡಾಕ್ಟರ್ ಫಿರೋಜಾ, ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾ, ಕೆಲಸ ಟೊರ್ರಿ ಪೈನ್ಸ್‌ನಲ್ಲಿ ಸಮುದ್ರ ಕಾಣುವ ಸಂಶೋಧನಾ ಸಂಸ್ಥೆಯಲ್ಲಿ, ಇವತ್ತಿನ ಡ್ಯೂಟಿ ಲಾಂಗ್ ಬೀಚ್ ಬಂದರಿನ ಹಿಂದಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸಾಕ್ಷಿಯಾಗಿ ನಿಲ್ಲುವುದು, ಲಸಿಕೆಯ ಪೆಟ್ಟಿಗೆಗಳು ಕೆಂಪು ಡಬ್ಬಗಳಿಗೆ ಬಿದ್ದವು, ಡಬ್ಬಗಳು ಲಾರಿ ಹತ್ತಿದವು, ಸುಡಲು ಹೋದವು ಎಂದು ಸಹಿ ಹಾಕುವುದು. ನೋಡಿ ಫಿರೋಜಾ, ಎಮೋಷನಲ್ ಆಗ್ಬೇಡಿ, ಇದು ಬರೀ ಪ್ರೊಸೀಜರ್ — ಗಿರಿಧರ್ ನಿನ್ನೆ ಫೋನಿನಲ್ಲಿ, ಲಸಿಕೆ ತಯಾರಿಸಿದ ಕಂಪನಿಯಲ್ಲಿ ದೊಡ್ಡ ಹುದ್ದೆಯವರು, ಬೆಂಗಳೂರಿನವರು, ಯುಗಾದಿಗೆ ಮನೆಗೆ ಕರೆದು ಒಬ್ಬಟ್ಟು ಬಡಿಸುವವರು, ಆಜ್ಞೆಯನ್ನು ಇಂಗ್ಲಿಷಿನಲ್ಲಿ ಕಳಿಸಿ ಸಮಾಧಾನವನ್ನು ಕನ್ನಡದಲ್ಲಿ ಹೇಳುತ್ತಾರೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ನನಗೋ ಮನೆಯಲ್ಲಿ ಉರ್ದುವೂ ಕನ್ನಡವೂ ಕಲಸಿದ ಭಾಷೆ, ಆಫೀಸಿನಲ್ಲಿ ಇಂಗ್ಲಿಷ್, ಸಿಟ್ಟು ಬಂದರೆ ಮಾತ್ರ ಅಚ್ಚ ಕನ್ನಡ, ಈ ವರ್ಷವಿಡೀ ತಲೆಯೊಳಗೆ ಅಚ್ಚ ಕನ್ನಡವೇ ಓಡುತ್ತಿದೆ. ಆದರೆ ನಾನು ಸಹಿ ಹಾಕುವುದಿಲ್ಲ. ಇದು ಗಿರಿಧರರಿಗೆ ಗೊತ್ತಿಲ್ಲ, ಸಾಕ್ಷಿಯ ಸಹಿ ಇಲ್ಲದೆ ಲಾರಿ ಹೊರಡುವಂತಿಲ್ಲ, ನಿಯಮ ಅವರದ್ದೇ, ಲಾರಿ ಖಾಲಿ ಹೋದರೆ ಇನ್ನೊಂದು ದಿನ ಗೊತ್ತು ಮಾಡಬೇಕು, ಇನ್ನೊಬ್ಬ ಸಾಕ್ಷಿಯನ್ನು ಹುಡುಕಬೇಕು, ಅಷ್ಟರೊಳಗೆ ಲಸಿಕೆಯ ಪ್ರಯೋಗ ನಡೆದ ಆಫ್ರಿಕಾದ ಮಲಾವಿ ಸರ್ಕಾರದಿಂದ, ನಮಗೇ ಕೊಡಿ, ಹೊಣೆ ನಮ್ಮದು ಎಂಬ ಪತ್ರ ಬಂದುಬಿಡಬೇಕು, ಅಲ್ಲಿನ ನಮ್ಮ ನರ್ಸ್ ತಿಯಾಮಿಕೆ ಅದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಳೆ, ಪತ್ರ ಬಂದರೆ ಪೆಟ್ಟಿಗೆಗಳು ವಿಮಾನ ಹತ್ತುತ್ತವೆ, ಅಲ್ಲಿ ಮಳೆ ಹಿಡಿಯುವ ಮುನ್ನ ಹಳ್ಳಿ ಮುಟ್ಟುತ್ತವೆ. ನೀನೊಬ್ಳು ಅಡ್ಡ ನಿಂತ್ರೆ ನಿಲ್ಲುತ್ತಾ ಇದು, ಬೆಳಿಗ್ಗೆ ಚಹಾ ಕಪ್ ಹಿಡಿದುಕೊಂಡು ನನ್ನ ಗಂಡ ನಿಯಾಜ್, ಜಸ್ಟ್ ಡೋಂಟ್ ಸೈನ್ ಇಟ್, ಅಮ್ಮಿ, ಫೋನಿನಿಂದ ಕಣ್ಣೆತ್ತದೆ ಮಗಳು ರಿಮ್ಶಾ, ಅವಳ ವಯಸ್ಸಿಗೆ ಎಲ್ಲವೂ ಎಷ್ಟು ಸುಲಭ, ಆದರೂ ಆ ಮನೆಯಲ್ಲಿ ನನ್ನ ಪರ ನಿಂತವಳು ಅವಳೇ.

ನಾಯಿ ಈಗ ನಾಲಗೆ ಹೊರಗೆ ಹಾಕಿದೆ, ಬಿಸಿಲು ಬಂತು, ಶಿರೆ ನದಿಯ ದಂಡೆಯಲ್ಲೂ ಇಂಥದೇ ಬಿಸಿಲು, ಇಂಥದಲ್ಲ, ಅದು ನೆತ್ತಿ ಸುಡುವ ಬಿಸಿಲು, ಒಂದು ಮಾವಿನ ಮರ — ಮಲಾವಿಯಲ್ಲಿ ಮಾವಿನ ಮರ ಕಂಡು ನಾನು ಪೆದ್ದಿಯ ಹಾಗೆ ಕಣ್ಣೀರು ಹಾಕಿದ್ದೆ, ಕೋವಿಡ್ ತಣ್ಣಗಾದ ವರ್ಷ ಅದು — ಮರದಡಿ ತಾಯಂದಿರು, ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡ ಮಕ್ಕಳು, ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ, ತಿಯಾಮಿಕೆ ಅವರ ಚಿಚೇವಾ ಭಾಷೆಯಲ್ಲಿ ಹೇಳುತ್ತಾಳೆ, ಮಳೆಗಾಲ ಬಂದರೆ ರಕ್ತಭೇದಿ, ಮಗು ಒಣಗಿ ಕೈಯಲ್ಲೇ ಹಗುರವಾಗುತ್ತದೆ, ಅದು ನಿಮಗೇ ಗೊತ್ತು, ಅದಕ್ಕೊಂದು ಹೊಸ ಲಸಿಕೆ, ಫಲ ಕೊಡುತ್ತದೋ ಇಲ್ಲವೋ ನೋಡಬೇಕು, ಅರ್ಧ ಮಕ್ಕಳಿಗೆ ಲಸಿಕೆ, ಅರ್ಧ ಮಕ್ಕಳಿಗೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ಈಗ ನಿಮಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ. ಹಿಂದಿನ ಸಾಲಿನಿಂದ ಎನೆಲೆಸಿ ಎಂಬ ತಾಯಿ ಎದ್ದು ನಿಂತಳು, ಉಪ್ಪುನೀರು ಸಿಕ್ಕ ಮಗುವಿನ ಗತಿ ಏನು ಎಂದು ಕೇಳಿದಳು, ಲಸಿಕೆ ಒಳ್ಳೆಯದೆಂದು ಗೊತ್ತಾದ ದಿನ ಅವಕ್ಕೂ ಕೊಡುತ್ತೇವೆ, ಒಂದು ಮಗುವನ್ನೂ ಬಿಡುವುದಿಲ್ಲ ಎಂದೆ, ಅದೇನು ನಾನು ಸಭೆಯಲ್ಲಿ ಕಟ್ಟಿದ ಮಾತೇ, ಯೋಜನೆಯಲ್ಲೇ ಇತ್ತು, ಕಂಪನಿ ಒಪ್ಪಿತ್ತು, ಗಿರಿಧರ್ ಓದಿ ತಲೆಯಾಡಿಸಿದ್ದರು. ಚುಚ್ಚಿದ ಪ್ರತಿ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ, ಒಂದೇ ಮಗುವಿಗೆ ಎರಡು ಸಲ ಚುಚ್ಚಬಾರದೆಂದು, ಮೊದಲು ತಂದ ಪೆನ್ನುಗಳ ಬಣ್ಣ ನದಿನೀರಿಗೆ ತೊಳೆದುಹೋಗುತ್ತಿತ್ತು, ಆಗ ನಾನು ಜಂಬದಿಂದ ನಮ್ಮೂರಿನದನ್ನು ತರಿಸಿದೆ, ವೋಟು ಹಾಕಿದವರ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ, ವೋಟಿನ ದಿನ ನನ್ನ ಅಮ್ಮಿ ಬುರ್ಖಾದ ತೋಳಿನಿಂದ ಬೆರಳು ಚಾಚಿ ತೋರಿಸುತ್ತಿದ್ದಳು, ನೋಡೇ, ಸೋಪ್ ಹಾಕಿ ಉಜ್ಜಿದ್ರೂ ಹೋಗಲ್ಲ. ಹೋಗಲಿಲ್ಲ, ಅಲ್ಲಿಯೂ ಹೋಗಲಿಲ್ಲ, ತಾಯಂದಿರು ಆ ಕಪ್ಪು ಕಲೆಯನ್ನೇ ನಮ್ಮ ಮಾತು ಎಂದುಕೊಂಡರು, ಕಲೆ ಇರುವವರೆಗೆ ಡಾಕ್ಟರಮ್ಮನ ಮಾತು ಇರುತ್ತದೆ, ಎನೆಲೆಸಿ ತನ್ನ ಮಗ ಯಾಂಖೊನ ಬೆರಳಿಗೆ ಪ್ಲಾಸ್ಟಿಕ್ ಸುತ್ತಿ ಮೇಲೆ ಹಳದಿ ಬಟ್ಟೆಯ ಚಿಂದಿ ಕಟ್ಟಿದಳು, ಸ್ನಾನ ಮಾಡಿಸುವಾಗ ಆ ಒಂದು ಕೈಯನ್ನು ನೀರು ತಾಗದಂತೆ ಮೇಲೆತ್ತಿ ಹಿಡಿಯುತ್ತಿದ್ದಳು, ನಾನು ಮತ್ತೆ ಹೋದಾಗ ಚಿಂದಿ ಬಿಚ್ಚಿ ತೋರಿಸಿದಳು, ನೋಡು, ನಾವು ಅಳಿಸಿಲ್ಲ, ನೀನೂ ಮರೀಬೇಡ ಅಂತಿದಾಳೆ ಎಂದು ತಿಯಾಮಿಕೆ ನಗುತ್ತ ತಿಳಿಸಿದಳು, ನಾನೂ ನಕ್ಕೆ, ಫೋಟೋ ತೆಗೆದೆ, ಅದು ಕಂಪನಿಯ ವಾರ್ಷಿಕ ವರದಿಯ ಮುಖಪುಟದಲ್ಲಿ ಬಂತು.

ಕೆಲಸ ಮಾಡಿತು, ಅದೇ ಹೊಟ್ಟೆ ಉರಿಯುವ ಸಂಗತಿ, ಲಸಿಕೆ ಕೆಲಸ ಮಾಡಿತು, ಫಲಿತಾಂಶ ಬಂದ ದಿನ ಟೊರ್ರಿ ಪೈನ್ಸ್‌ನಲ್ಲಿ ಕೇಕ್ ಕತ್ತರಿಸಿದರು, ಚಪ್ಪಾಳೆ, ಗಿರಿಧರ್ ಕಣ್ಣಲ್ಲೂ ನೀರು, ಆಮೇಲೆ ಒಂದು ಸಂಜೆ ಒಂದೇ ಇಮೇಲಿನಲ್ಲಿ ಅಮೆರಿಕ ಸರ್ಕಾರದ ಗ್ರಾಂಟು ನಿಂತಿತು, ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು, ಕರ್ನಿ ಮೆಸಾದ ವಿಯೆಟ್ನಾಮಿ ಹೋಟೆಲಿನಲ್ಲಿ ಗಿರಿಧರ್ ಸೂಪಿನಿಂದ ಟೋಫು ಹೆಕ್ಕುತ್ತ, ಸೈನ್ಸ್ ಚೆನ್ನಾಗಿದೆ, ಯಾರೂ ಇಲ್ಲ ಅಂತಿಲ್ಲ, ಮಾರ್ಕೆಟ್ ಇಲ್ಲ ಅಷ್ಟೇ. ಹೌದು, ಭೇದಿ ಇರುವವರ ಹತ್ತಿರ ದುಡ್ಡಿಲ್ಲ, ದುಡ್ಡಿರುವವರಿಗೆ ಭೇದಿಯಿಲ್ಲ, ಹೊಸದು ತಯಾರಿಸಬೇಡಿ ಸಾರ್, ಆಗಲೇ ತಯಾರಾಗಿ ಕೂತಿರುವುದನ್ನಾದರೂ ಉಪ್ಪುನೀರಿನ ಮಕ್ಕಳಿಗೆ ಕಳಿಸಿ ಎಂದು ಅಂಗಲಾಚಿದೆ, ಅದಕ್ಕವರು, ಲೈಸೆನ್ಸ್ ಆಗದಿರೋ ಲಸಿಕೆ, ಅಲ್ಲಿ ಯಾವ ಮಗೂಗೋ ಏನಾದ್ರೂ ಆದ್ರೆ ಕೇಸ್ ಯಾರ ಮೇಲೆ ಹೇಳಿ — ಅಲ್ಲ, ಅದೇ ಲೈಸೆನ್ಸ್ ಆಗದ ಲಸಿಕೆಯನ್ನು ಅದೇ ಮಕ್ಕಳಿಗೆ ಚುಚ್ಚಿ ನೋಡುವಾಗ ಈ ಭಯ ಎಲ್ಲಿತ್ತು, ಆಗ ಅವರ ತೋಳು ಬೇಕಿತ್ತು. ಕೋವಿಡ್ ಲಸಿಕೆ ಬಂದ ಚಳಿಗಾಲ ನೆನಪಿದೆ, ಇದೇ ಊರುಗಳು, ಸ್ಟೇಡಿಯಮ್ಮಿನ ಪಾರ್ಕಿಂಗ್ ಜಾಗದಲ್ಲಿ ಕಾರಿನಲ್ಲಿ ಕೂತೇ ತೋಳು ಚಾಚಿದ ಜನ, ಸಂಜೆಗೆ ಒಂದು ಡೋಸ್ ಉಳಿದರೆ ಅಯ್ಯೋ ವೇಸ್ಟ್ ಆಗುತ್ತೆ ಎಂದು ಗುರುತಿನವರಿಗೆ ಫೋನ್ ಮಾಡಿ ಕರೆಯುತ್ತಿದ್ದರು, ಹಾಗೆ ಉಳಿದ ಒಂದಕ್ಕಾಗಿ ನಾನು ನಿಯಾಜ್‌ನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಓಡಿದ್ದೆ, ಒಂದು ಡೋಸಿಗೆ ಅಷ್ಟು ಮರ್ಯಾದೆ ಇತ್ತು. ಯಾಂಖೊನದು ಉಪ್ಪುನೀರು, ಗುಟ್ಟು ಬಯಲಾದಾಗ ಅವನ ಹೆಸರನ್ನೇ ನಾನು ಮೊದಲು ಹುಡುಕಿದೆ, ಹೋದ ವಾರ ತಿಯಾಮಿಕೆ ಹಳ್ಳಿಯಿಂದ ವಿಡಿಯೋ ಕಾಲ್ ಮಾಡಿದಳು, ಹುಡುಗ ಎತ್ತರವಾಗಿದ್ದಾನೆ, ಮುಂದಿನ ಹಲ್ಲು ಬಿದ್ದಿದೆ, ಎನೆಲೆಸಿ ಅವನ ಕೈ ಹಿಡಿದು ಪರದೆಗೆ ತೋರಿಸಿದಳು, ಅದೇ ಕಿರುಬೆರಳು, ಹಳದಿ ಚಿಂದಿ, ಬಿಚ್ಚಿದರೆ ಒಳಗೆ ಏನೂ ಇಲ್ಲ, ಉಗುರು ಬೆಳೆದು ಕಲೆ ಎಂದೋ ಹೋಗಿದೆ, ಬರೀ ನಸುಗೆಂಪು ಉಗುರು, ಅವಳು ಅದಕ್ಕೇ ಮತ್ತೆ ಜೋಪಾನವಾಗಿ ಚಿಂದಿ ಕಟ್ಟಿದಳು. ನಾಯಿಯ ಕಾರು ಯಾವುದೋ ಎಕ್ಸಿಟ್ ತೆಗೆದುಕೊಂಡು ಹೋಯಿತು, ಫೋನ್ ಗುಂಯ್ ಎಂದಿತು, ತಿಯಾಮಿಕೆ, ಡಾಕ್ಟರ್, ನಾಳೆ ಪತ್ರಕ್ಕೆ ಮುದ್ರೆ ಬೀಳುತ್ತದಂತೆ, ನಾಳೆ, ಯಾ ಅಲ್ಲಾಹ್, ನಾಳೆಯೇ, ಹಾಗಾದರೆ ಇವತ್ತೊಂದು ದಿನ ತಡೆದರೆ ಸಾಕು, ಒಂದು ಸಹಿ ಹಾಕದೆ ಬಂದರೆ ಸಾಕು, ನಾನು ಸ್ಟೀರಿಂಗ್ ಹಿಡಿದುಕೊಂಡೇ ಜೋರಾಗಿ ನಕ್ಕೆ.

ಬಂದರಿನ ಕ್ರೇನುಗಳು, ಕಂಟೇನರುಗಳ ಗೋಡೆ, ಡೀಸೆಲ್ ವಾಸನೆ, ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕ ಹೆಕ್ಟರ್, ಒಳ್ಳೆಯ ಮನುಷ್ಯ, ನಗುತ್ತಾನೆ, ಕಾಫಿ ಬೇಕೇ ಎಂದು ಕೇಳುತ್ತಾನೆ, ಲಾರಿ ಆಗಲೇ ಬಂದು ನಿಂತಿದೆ, ನಾನು ಕಾರಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿದ್ದನ್ನು ನಿಂತ ನಿಲುವಿನಲ್ಲೇ ಹೇಳಿಬಿಟ್ಟೆ, ನಾನು ಸಹಿ ಹಾಕುವುದಿಲ್ಲ, ಈ ಪೆಟ್ಟಿಗೆಗಳನ್ನು ಒಳಗೇ ತಣ್ಣಗೆ ಇಟ್ಟಿರಿ, ಬೇರೆ ಆದೇಶ ಬರುತ್ತದೆ. ಅವನ ನಗು ನಿಂತಿತು, ತಣ್ಣಗೆ ಎಂದರೆ ಎಲ್ಲಿ ಮ್ಯಾಮ್ ಎಂದ, ನಾಶ ಮಾಡಿ ಎಂಬ ಆದೇಶ ಶುಕ್ರವಾರವೇ ಬಂತಲ್ಲ, ಕಂಪನಿಯವರು ಬಾಡಿಗೆಗೆ ಹಿಡಿದ ತಣ್ಣನೆ ಕೋಣೆಯನ್ನು ಅಂದೇ ಬಿಟ್ಟುಕೊಟ್ಟರು, ಅಂದಿನಿಂದ ಇವು ಇಲ್ಲೇ ಹೊರಗಿವೆ, ಇಲ್ಲಿ ಎಂದರೆ ಲಾರಿ ನಿಲ್ಲುವ ಕಟ್ಟೆಯ ಮೇಲೆ, ತಗಡಿನ ಮಾಡಿನ ಕೆಳಗೆ, ನಾನು ಅಂಗೈ ಇಟ್ಟು ನೋಡಿದೆ, ರಟ್ಟು ಬಿಸಿಯಾಗಿತ್ತು, ಜ್ವರ ಬಂದ ಹಣೆ ಮುಟ್ಟಿದ ಹಾಗಿತ್ತು, ಎಂದೋ ಸತ್ತಿವೆ, ನಾನು ನಿನ್ನೆ ಇಡೀ ದಿನ ನಮಾಜಿನಲ್ಲೂ ಲೆಕ್ಕ ಹಾಕುತ್ತಿದ್ದಾಗ, ಗಿರಿಧರ್ ಬರೀ ಪ್ರೊಸೀಜರ್ ಎನ್ನುತ್ತಿದ್ದಾಗ, ಇವು ತಗಡಿನ ಕಾವಿನಲ್ಲಿ ಬೆಂದು ಸತ್ತಿದ್ದವು, ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಕನ್ನಡದಲ್ಲಿ ಮಾತಾಡಿದರು. ಆ ಕೋಣೆಯಲ್ಲಿ ಈಗ ಏನಿದೆ ಎಂದು ಕೇಳಿದೆ, ಯಾಕೆ ಕೇಳಿದೆನೋ, ಹೆಕ್ಟರ್ ತೆರೆದು ತೋರಿಸಿದ, ತಣ್ಣನೆ ಹಬೆ ಮುಖಕ್ಕೆ ಬಡಿಯಿತು, ಛಾವಣಿವರೆಗೆ ಜೋಡಿಸಿಟ್ಟ ನಾಯಿಯ ಊಟ, ತಾಜಾ ಕೋಳಿ, ಗೆಣಸು, ಪೆಟ್ಟಿಗೆ ಪೆಟ್ಟಿಗೆಯ ಮೇಲೂ ಕೊರಳಿಗೆ ಕರವಸ್ತ್ರ ಕಟ್ಟಿದ ನಾಯಿ. ಈಗ ಸಹಿ ಹಾಕಲೇಬೇಕು, ಹಾಕದೆ ಹೋದರೆ ನಾಳೆ ಪತ್ರಕ್ಕೆ ಮುದ್ರೆ ಬೀಳುತ್ತದೆ, ಈ ಕೆಟ್ಟದ್ದೇ ವಿಮಾನ ಹತ್ತಿ ಅವರ ತೋಳಿಗೆ ಹೋದೀತು, ಇಷ್ಟು ದೂರ ಬಂದದ್ದು ಹಾಕದಿರಲು, ಈಗ ಹಾಕುವುದೇ ಸರಿ ಎನ್ನುವಂತೆ ಮಾಡಿದರಲ್ಲ, ಹಾಳಾಗಿ ಹೋಗಲಿ. ಹೆಕ್ಟರ್ ಟ್ಯಾಬ್ಲೆಟ್ ಚಾಚುತ್ತಾನೆ, ಪೆನ್ ಎಲ್ಲೋ ಕಳೆದುಹೋಗಿದೆ, ಯೂಸ್ ಯುವರ್ ಫಿಂಗರ್, ಮ್ಯಾಮ್, ಬೆರಳು ಗಾಜಿನ ಮೇಲೆ ಜಾರಿತು, ಫಿರೋಜಾ, ಕೊನೆಗೊಂದು ಗೆರೆ, ಮುಗಿಯಿತು, ಕೆಂಪು ಡಬ್ಬಗಳ ಮುಚ್ಚಳ ಬೀಳುವ ಸದ್ದು, ಬೆರಳು ತಿರುಗಿಸಿ ನೋಡಿಕೊಳ್ಳುತ್ತೇನೆ, ಒಂದು ಕಲೆಯೂ ಇಲ್ಲ, ಸೋಪು ಕೂಡ ಬೇಡ, ಫೋನ್ ಮತ್ತೆ ಗುಂಯ್ ಎನ್ನುತ್ತಿದೆ, ತಿಯಾಮಿಕೆ, ತೆಗೆದರೆ ಪರದೆಯಲ್ಲಿ ಆ ಕೈ ಬರುತ್ತದೆ, ತೆಗೆಯದಿದ್ದರೂ ಬರುತ್ತದೆ, ನೀರು ತಾಗದಂತೆ ಮೇಲೆತ್ತಿ ಹಿಡಿದ ಆ ಕೈ, ಕಿರುಬೆರಳು, ಹಳದಿ ಚಿಂದಿ, ಕಿರುಬೆರಳು, ಹಳದಿ ಚಿಂದಿ