ಸುತ್ತಿಟ್ಟ ಹಗ್ಗ

ಕುರ್ಚಿಗಳಿಗೆ ಬಟ್ಟೆ ತೊಡಿಸುತ್ತಿದ್ದಾರೆ, ಬಿಳಿ ಬಟ್ಟೆ, ಬೆನ್ನಿಗೆ ನೀಲಿ ಗಂಟು, ಹೋದ ಶನಿವಾರ ಯಾರದೋ ಮದುವೆಗೆ ತೊಡಿಸಿದ್ದನ್ನೇ ಇವತ್ತು ನನ್ನ ತಮ್ಮನ ಹೆಸರಿಗೆ ತೊಡಿಸುತ್ತಿದ್ದಾರೆ, ಒಗೆದಿದ್ದಾರೋ ಇಲ್ಲವೋ — ನೋಡಬಾರದು, ನೋಡಿದರೆ ಮೈಯೆಲ್ಲ ಉರಿಯುತ್ತದೆ, ಓಡು, ಅಲೆ ಹಿಂದಕ್ಕೆ ಸರಿಯುತ್ತಿದೆ, ಮರಳಿನ ಮೇಲೆ ಉಗುರು ಮುಳುಗುವಷ್ಟೇ ನೀರು, ಓಡುತ್ತಲೇ ತೆಳು ಹಲಗೆಯನ್ನು ಅದರ ಮೇಲೆ ಜಾರಿಸಿಬಿಟ್ಟು ಹಾರಿ ನಿಂತರೆ ಎದುರು ಬರುವ ಅಲೆಯ ಬುಡಕ್ಕೇ ಒಯ್ಯುತ್ತದೆ, ಅಲ್ಲಿ ಮೈ ತಿರುಗಿಸಿ, ಬಲಗೈ ಮೇಲಕ್ಕೆತ್ತಿ, ಅಲೆಯ ಜೊತೆಗೇ ದಡಕ್ಕೆ ವಾಪಸು. ಬಲಗೈ ಎತ್ತದಿದ್ದರೆ ನಾನು ಬೀಳುತ್ತೇನೆ, ಚಿಕ್ಕಂದಿನಿಂದಲೂ ಹಾಗೇ, ತಮ್ಮ ವಿಲ್ಕಿನ್ ಆಡಿಕೊಂಡು ನಗುತ್ತಿದ್ದ, ಏನಕ್ಕಾ, ಬಸ್ಸು ನಿಲ್ಲಿಸ್ತಿದೀಯಾ, ಸಮುದ್ರದಲ್ಲಿ ಯಾವ ಬಸ್ಸು ಬರತ್ತೇ ನಿಂಗೆ. ಬಂದ ನೋಡು ಬಾತಿಸ್ತಾ, ಹೋಟೆಲಿನ ಮ್ಯಾನೇಜರು, ಶೂ ಹಾಕಿಕೊಂಡೇ ಮರಳಿಗೆ ಇಳಿದಿದ್ದಾನೆ, ಯುಡೆಲ್ಕಾ, ಸಾಕು ಆಟ, ಹೋಗಿ ಒಣಬಟ್ಟೆ ಹಾಕ್ಕೊಂಡ್ ಬಾ, ರೆಜಾನ್ ಸಾಹೇಬ್ರು ಬಂದಾಯ್ತು, ಪಾಪ ಕೆನಡಾದಿಂದ ಇದಕ್ಕೇ ಅಂತ ಬಂದಿದಾರೆ. ಪಾಪವಂತೆ. ಆ ಪಾಪದವನ ಹೊಟ್ಟೆ ತಣ್ಣಗಿರಲಿ ಅಂತ ನಾನು ಒಣಬಟ್ಟೆ ಹಾಕಿಕೊಳ್ಳಬೇಕು, ಅವನು ತಂದ ಕೆಂಪು ಹಲಗೆಗಳನ್ನು, ಮುಳುಗುವವರನ್ನು ಎತ್ತಲಿಕ್ಕಂತೆ, ವಿಲ್ಕಿನ್ ಹೆಸರು ಬರೆಸಿದ್ದಾನಂತೆ, ಕೈಚಾಚಿ ತೆಗೆದುಕೊಳ್ಳಬೇಕು. ನೀನು ಜಾಸ್ತಿ ಏನೂ ಮಾತಾಡಕ್ ಹೋಗ್ಬೇಡ, ಕೈ ಕುಲುಕು, ಉಪಕಾರ ಆಯ್ತು ಅನ್ನು, ಫೋಟೋ ತೆಗೀತಾರೆ, ಅಷ್ಟೇ. ಮಾತಾಡಿದರೆ ಏನಾಗುತ್ತದೆ ಎಂದು ಬಾತಿಸ್ತಾ ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ, ವಿಲ್ಕಿನ್ ಮಾಡುತ್ತಿದ್ದ ಕೆಲಸವನ್ನೇ ನನಗೆ ಕೊಟ್ಟಿದ್ದಾನೆ, ಬಂದವರಿಗೆ ಅಲೆ ಹತ್ತಲು ಕಲಿಸುವ ಕೆಲಸ, ಸೊಂಟದ ನೀರಲ್ಲಿ ನಿಂತು ಬೆಳಗಿನಿಂದ ಅವರ ಹಲಗೆ ನೂಕುವುದು, ಏಳಿ, ಈಗ ಏಳಿ ಎಂದು ಗಂಟಲು ಹರಿಯುವಂತೆ ಕೂಗುವುದು, ಮೂಗಿಗೆ ನೀರು ಹೋದವರ ಬೆನ್ನು ತಟ್ಟಿ ಪರವಾಗಿಲ್ಲ ಅನ್ನುವುದು. ಕೊಟ್ಟವನಿಗೆ ಕಿತ್ತುಕೊಳ್ಳುವುದೂ ಗೊತ್ತು. ಕಿತ್ತುಕೊಳ್ಳಲಿ.

ಅಜ್ಜಿ ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ, ಇಗರ್ಜಿಗೆ ಉಡುವ ನೇರಳೆ ಬಟ್ಟೆ, ಮಡಿಲಲ್ಲಿ ಕೈಚೀಲ, ಮೈಕಿನ ಕಡೆ ನೋಡುತ್ತಿಲ್ಲ, ಬಾದಾಮಿ ಮರದ ಕಡೆ ನೋಡುತ್ತಿದ್ದಾಳೆ. ಆ ಮರದ ಕೆಳಗೇ ಅವಳ ಬಾಣಲೆ, ಹಿಟ್ಟು ಲಟ್ಟಿಸಿ ಎಣ್ಣೆಗೆ ಬಿಟ್ಟು ಅಂಗೈಗಿಂತ ಅಗಲ ಉಬ್ಬುವ ಯಾನಿಕೆಕೆ, ನೀರಿಂದ ಎದ್ದು ಬಂದ ಹುಡುಗರು ಬಿಸಿಬಿಸಿಯಾಗಿ ಹರಿದು ತಿನ್ನುತ್ತಾರೆ, ಬಂದವರೆಲ್ಲ ತಮ್ಮ ತಮ್ಮ ಹಲಗೆ ಅದೇ ಮರಕ್ಕೆ ಒರಗಿಸುತ್ತಾರೆ. ನಮ್ಮ ಕಡಲಂಚಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಒಬ್ಬರ ಹಲಗೆ ಇನ್ನೊಬ್ಬರು ಮುಟ್ಟುವುದಿಲ್ಲ, ಹಲಗೆ ಬಿಟ್ಟು ಯಾರೂ ಆಳದ ನೀರಿಗೆ ಹೋಗುವುದಿಲ್ಲ, ಹಾಗಾಗಿ ಮರ ನೋಡಿದರೆ ಸಾಕು. ಹಲಗೆ ಮರಕ್ಕೊರಗಿದ್ರೆ ಹುಡುಗ ನೆಲದ ಮೇಲಿದಾನೆ ಅಂತ ಅಜ್ಜಿಯ ಮಾತು, ಮರ ಖಾಲಿ ಇದ್ರೆ ಕಣ್ಣು ನೀರ ಮೇಲಿರ್ಲಿ. ಹೋದ ವರ್ಷ ಅವತ್ತು ಅಜ್ಜಿ ಇರಲಿಲ್ಲ, ಹಲ್ಲು ಕೀಳಿಸಲು ಪೇಟೆಗೆ ಹೋಗಿದ್ದಳು, ಬಾಣಲೆ ಬೋರಲು ಬಿದ್ದಿತ್ತು, ನಡುಮಧ್ಯಾಹ್ನ, ನೀರಲ್ಲಿ ವಿಲ್ಕಿನ್ ಒಬ್ಬನೇ, ದೂರದಲ್ಲಿ ಅಲೆಗೆ ಕಾದು ಕೂತಿದ್ದ. ಬೆಳಗ್ಗೆ ಪಾಠ ಹೇಳಿಸಿಕೊಂಡ ರೆಜಾನ್, ಹಲಗೆಯಿಲ್ಲ ಏನಿಲ್ಲ, ಸುಮ್ಮನೆ ಈಜಲು ಇಳಿದ, ಕೆಂಪು ಬಾವುಟ ಹಾರುತ್ತಿತ್ತು, ಕಣ್ಣು ಹೋಗಿತ್ತೇ ಅವನಿಗೆ, ಬಂಡೆಯ ಪಕ್ಕದ ಸೆಳೆತ ಎಳೆದುಕೊಂಡು ಹೋಯಿತು. ವಿಲ್ಕಿನ್ ಕಂಡ, ಹೋದ, ತನ್ನ ಹಲಗೆಯ ಮೇಲೆ ಅವನನ್ನು ಮಲಗಿಸಿದ, ಹಲಗೆ ಕೈಬಿಟ್ಟು ಹೋಗದಂತೆ ತನ್ನ ಕಾಲಿಗೆ ಕಟ್ಟಿಕೊಂಡಿದ್ದ ಅದರ ಹಗ್ಗ ಬಿಚ್ಚಿ ಅವನ ಕಾಲಿಗೆ ಕಟ್ಟಿದ, ಅಲೆ ಬಂದಾಗ ಹಿಂದಿನಿಂದ ನೂಕಿದ, ದಿನವಿಡೀ ನೂಕುವವನೇ ತಾನೆ, ಅದೊಂದು ಕಡೆಯ ನೂಕು. ಇದೆಲ್ಲ ರೆಜಾನೇ ಪೊಲೀಸರ ಮುಂದೆ ಹೇಳಿದ್ದು, ಸಂಜೆ, ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಮಾಡಿ ಎದ್ದ ಮೇಲೆ. ಅವನು ಹಿಂದೆ ಬರುತ್ತಿದ್ದಾನೆ ಅಂದುಕೊಂಡೆ ಅಂದ. ಮಾರನೆಯ ದಿನ ಮೀನಿನ ದೋಣಿಯವರಿಗೆ ವಿಲ್ಕಿನ್ ಸಿಕ್ಕಿದ, ಭೂಶಿರದ ಆಚೆ, ಹಗ್ಗವಿಲ್ಲದ ಬರೀ ಕಾಲಿನಲ್ಲಿ.

ಬದುಕಿ ಬಂದದ್ದಕ್ಕೆ ನನಗೆ ಸಿಟ್ಟಿಲ್ಲ, ಯಾರಾದರೂ ಬದುಕಲಿ, ಹೆದರಿದ್ದಕ್ಕೂ ಇಲ್ಲ, ಮಲಗಿದ್ದಕ್ಕೂ ಇಲ್ಲ, ಸುಳ್ಳೇಕೆ, ಅದಕ್ಕೂ ಇದೆ, ಆದರೆ ಆ ಹಗ್ಗ. ಮರಕ್ಕೊರಗಿಸಿದ ಹಲಗೆ, ಬುಡದಲ್ಲಿನ ಮೀನುರೆಕ್ಕೆಯಂಥ ರೆಕ್ಕೆಗಳ ಸುತ್ತ ಹಗ್ಗ, ಸುತ್ತಿನ ಪಕ್ಕಕ್ಕೆ ಸುತ್ತು, ತುದಿ ಒಳಗೆ ಸಿಕ್ಕಿಸಿ. ವಿಲ್ಕಿನ್ ಜನ್ಮದಲ್ಲಿ ಹಗ್ಗ ಸುತ್ತಿದವನಲ್ಲ, ಹಲಗೆ ಕಂಕುಳಲ್ಲಿ, ಹಗ್ಗ ಮರಳಲ್ಲಿ ಗೆರೆ ಎಳೆಯುತ್ತ ಬರುತ್ತಿತ್ತು, ಬಂತು ನೋಡು ಕತ್ತೆ, ಬಾಲ ಎಳ್ಕೊಂಡು, ಎಣ್ಣೆಗೆ ಮರಳು ಹಾರಿಸ್ಬೇಡ್ವೋ ಅಂತ ಅಜ್ಜಿ ಸೌಟು ತೋರಿಸುತ್ತಿದ್ದಳು. ಪಾಠಕ್ಕೆ ಬಂದವರಿಗೆ ಮಾತ್ರ ದೊಡ್ಡ ಮೇಷ್ಟ್ರು, ನೋಡಿ ಸಾರ್, ಈಚೆ ಬಂದ ಕೂಡ್ಲೇ ಮೊದಲು ಹಗ್ಗ, ಹೀಗೆ ಸುತ್ಬೇಕು, ತುದಿ ಒಳಗೆ, ಆಮೇಲೇ ಬೇರೆ ಕೆಲಸ. ನೀನು ಸುತ್ತಿದ್ದು ನಾನು ಕಂಡೇ ಇಲ್ವಲ್ಲೋ ಅಂದರೆ, ಅಕ್ಕಾ, ಮೇಷ್ಟ್ರು ಯಾವತ್ತಾದ್ರೂ ಹೋಮ್‌ವರ್ಕ್ ಮಾಡ್ತಾರಾ. ಅವತ್ತು ನೀರು ಇಳಿಯುತ್ತಿತ್ತು, ಮರಳು ನುಣ್ಣಗೆ, ವರ್ಷಕ್ಕೆ ಯಾವತ್ತೋ ಒಮ್ಮೆ ಸಿಗುವ ನೀರು, ನಾನು ಓಡಿ ಓಡಿ ಜಾರುತ್ತಿದ್ದೆ, ಉಸಿರು ಬಿಡಲು ತಿರುಗಿದರೆ ಮರಕ್ಕೆ ಹಲಗೆ ಒರಗಿತ್ತು, ಅವನ ಹಳದಿ ಹಲಗೆ, ಹಗ್ಗ ಸುತ್ತಿತ್ತು, ಕೊನೆಗೂ ಬುದ್ಧಿ ಬಂತಲ್ಲ ನಮ್ಮಪ್ಪನಿಗೆ ಅಂದುಕೊಂಡೆ, ನಕ್ಕೆ, ಬಂದಿದ್ದಾನೆ, ತಿನ್ನಲು ಹೋಗಿದ್ದಾನೆ ಅಂದುಕೊಂಡೆ, ಮತ್ತೆ ಓಡಿದೆ. ಅವನು ಆಗ ಇನ್ನೂ ನೀರಲ್ಲೇ ಇದ್ದ, ಬಂಡೆಯ ಆಚೆ, ಮೀನಿನ ಹಾಗೆ ಈಜುವವನು, ಬೇಗ ಸೋಲುವವನಲ್ಲ, ಯಾರಾದರೂ ಬರುತ್ತಾರೆ ಎಂದು ಕಾದಿರುತ್ತಾನೆ, ದಡದಲ್ಲಿ ನಾನಿದ್ದೇನೆಂದು ಅವನಿಗೆ ಗೊತ್ತಿತ್ತು. ಆ ರೆಜಾನ್ ಹಗ್ಗ ಸುತ್ತುತ್ತಿದ್ದ. ಸಾವಿನ ಬಾಯಿಂದ ಬಂದವನ ಕೈ ನಡುಗಬೇಕು, ಹಲಗೆಯನ್ನು ಎಲ್ಲಿ ಬೇಕೋ ಅಲ್ಲಿ ಎಸೆದು ಕಿರುಚಬೇಕು, ತುದಿ ಸಿಕ್ಕಿಸುವ ಪುರುಸೊತ್ತು ಯಾರಿಗಿರುತ್ತದೆ. ವರ್ಷದಿಂದ ಒಂದೇ ಮಾತು ಕೇಳಬೇಕಿದೆ, ಆ ತುದಿ ಸಿಕ್ಕಿಸುವಾಗ ನಿನ್ನ ಮುಖ ಯಾವ ಕಡೆಗಿತ್ತು. ಕಡಲ ಕಡೆಗಿದ್ದರೆ ಅವನು ಹಿಂದೆ ಬರುತ್ತಿಲ್ಲ ಎಂದು ಕಂಡಿರಬೇಕು. ಕಂಡೂ ಸುತ್ತಿದೆಯಾ. ಅವನ ಬಾಯಿಂದ ಅದೊಂದು ಬಂದರೆ ಸಾಕು, ಈ ಕುರ್ಚಿ, ಈ ಕೆಲಸ, ಎಲ್ಲ ಹಾಳಾಗಿ ಹೋಗಲಿ.

ಒಣಬಟ್ಟೆ ಹಾಕಿಕೊಳ್ಳಲಿಲ್ಲ, ಹೀಗೇ ಬಂದು ನಿಂತಿದ್ದೇನೆ, ಕೂದಲಿಂದ ನೀರು ಇಳಿದು ಬಾತಿಸ್ತಾನ ಹಾಸುಗಂಬಳಿ ಒದ್ದೆಯಾಗಲಿ. ರೆಜಾನ್ ಕಾಗದ ನೋಡಿ ಓದುತ್ತಾನೆ, ನಮ್ಮ ಭಾಷೆ ಕಲಿತಿದ್ದಾನಂತೆ, ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ, ವಿಲ್ಕಿನ್ ಅವರು ನನಗೆ ಎರಡನೆಯ ಜನ್ಮ ನೀಡಿದರು, ನಾನು ಪ್ರತಿದಿನವೂ ಅವರನ್ನು ನೆನೆಯುತ್ತೇನೆ, ಸೊರಗಿ ಹೋಗಿದ್ದಾನೆ, ಅಂಗಿಯ ಕತ್ತು ಸಡಿಲ, ಅಳಬೇಡ, ನನ್ನ ಮುಂದೆ ನೀನು ಅಳಬೇಡ. ಕೈ ಚಾಚಿದ. ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೇಳಿದೆ, ಮೈಕಿನಲ್ಲಿ ನನ್ನ ದನಿ ನನಗೇ ಒಡಕಾಗಿ ಕೇಳಿಸಿತು, ಹಗ್ಗ ಸುತ್ತುವಾಗ ನಿಮ್ಮ ಮುಖ ಯಾವ ಕಡೆಗಿತ್ತು. ಬಾತಿಸ್ತಾ ಕೆಮ್ಮಿದ, ಯುಡೆಲ್ಕಾ, ಬೇಡಮ್ಮ. ರೆಜಾನ್ ಬಾತಿಸ್ತಾನನ್ನು ನೋಡಿದ, ನನ್ನನ್ನು ನೋಡಿದ, ಕಾಗದ ಮಡಿಚಿದ, ಮೈಕಿನಿಂದ ಈಚೆ ಬಂದ. ನಿಮ್ಮ ಕಡೆಗೆ, ಅಂದ. ನೀವು ನೀರಿನ ಅಂಚಿನಲ್ಲಿ ಓಡುತ್ತಿದ್ದಿರಿ. ನನಗೆ ಧ್ವನಿ ಬರಲಿಲ್ಲ, ಉಪ್ಪುನೀರು ಬಹಳ ಕುಡಿದಿದ್ದೆ. ನಾನು ಸಮುದ್ರದ ಕಡೆ ಬೆರಳು ತೋರಿಸಿದೆ, ಅಲ್ಲಿ, ಅಲ್ಲಿ ಎಂದು. ನೀವು ಕೈ ಎತ್ತಿದಿರಿ. ಎತ್ತರಕ್ಕೆ. ಸರಿ, ಇವರಿಗೆ ಅರ್ಥವಾಯಿತು, ಇವರು ಈಗ ಹೋಗುತ್ತಾರೆ, ಎಂದು ತಿಳಿದೆ. ಆಮೇಲೆ ಹಗ್ಗ ಸುತ್ತಿದೆ, ವಿಲ್ಕಿನ್ ಅವರು ಬೆಳಗ್ಗೆ ಕಲಿಸಿದ ಹಾಗೆ. ಇದನ್ನು ನಾನು ಪೊಲೀಸರಿಗೆ ಹೇಳಲಿಲ್ಲ. ನಿಮಗೆ ತೊಂದರೆಯಾಗಬಾರದು ಎಂದು.

ನನಗೆ ತೊಂದರೆಯಾಗಬಾರದಂತೆ, ನನಗೆ, ಯಾರು ಕೇಳಿದ್ದರು ನಿನ್ನ ಉಪಕಾರ — ಸುಳ್ಳು ಹೇಳುತ್ತಿದ್ದಾನೆ, ದುಡ್ಡಿದ್ದವರ ಸುಳ್ಳು ಎಷ್ಟು ನಯ, ಹಲಗೆಗೆ ಹೆಸರು ಬರೆಸಿದ ಹಾಗೆ ಸುಳ್ಳಿಗೂ ಬಣ್ಣ ಬಳಿದುಕೊಂಡು ಬಂದಿದ್ದಾನೆ, ನಾನು ಯಾರಿಗೂ ಕೈ ಎತ್ತಲಿಲ್ಲ, ನಾನು ಅವನನ್ನು ನೋಡಲೇ ಇಲ್ಲ, ನೋಡದೆ ಹೇಗೆ ಕೈ ಎತ್ತುತ್ತೇನೆ — ಅಜ್ಜಿ ಏಕೆ ನನ್ನ ಮುಖ ನೋಡುತ್ತಿಲ್ಲ, ಅಜ್ಜಿ ನನ್ನ ಬೆನ್ನ ಹಿಂದಿನ ಕೈ ನೋಡುತ್ತಿದ್ದಾಳೆ, ನೋಡಬೇಡಜ್ಜಿ, ಎತ್ತದಿದ್ದರೆ ನಾನು ಬೀಳುತ್ತೇನೆ, ನಿನಗೆ ಗೊತ್ತಲ್ಲ, ಚಿಕ್ಕಂದಿನಿಂದಲೂ — ಯಾವ ಬಸ್ಸು ಬರತ್ತೇ ನಿಂಗೆ — ಬಯ್ಯಬೇಕು ಇವನಿಗೆ, ವರ್ಷದಿಂದ ಕೂಡಿಟ್ಟ ಬೈಗುಳ ಎಲ್ಲಿ ಹೋಯಿತು, ಬಾಯಿ ತೆರೆದರೆ ಬರೀ ಉಪ್ಪು, ಫೋಟೋದವನು ಇನ್ನೂ ಕಾಯುತ್ತಿದ್ದಾನೆ, ಆ ಚಾಚಿದ ಕೈ ಇನ್ನೂ ಚಾಚಿಕೊಂಡೇ ಇದೆ, ನಡುಗುತ್ತಿದೆ, ಅವತ್ತೂ ನಡುಗಿತ್ತೇ, ನಡುಗುತ್ತಲೇ ಸುತ್ತಿದನೇ, ಅವನ ಹಿಂದೆ ಮರ, ಮರಕ್ಕೆ ಇವತ್ತು ಯಾರೂ ಏನೂ ಒರಗಿಸಿಲ್ಲ, ಕಣ್ಣು ನೀರ ಮೇಲಿರ್ಲಿ, ಆದರೂ ಕಾಣುತ್ತಿದೆ, ಹಳದಿ ಹಲಗೆ, ರೆಕ್ಕೆಗಳ ಸುತ್ತ ಹಗ್ಗ, ಸುತ್ತಿನ ಪಕ್ಕಕ್ಕೆ ಸುತ್ತು, ಹೇಳಿಕೊಟ್ಟ ಹಾಗೇ, ತುದಿ ಒಳಗೆ ಸಿಕ್ಕಿಸಿ, ತುದಿ ಒಳಗೆ